ಗೆಳತಿ ಹೋದರೆ ಸೂತಕವಿಲ್ಲ, ಸಂಕಟವಿದೆ

ಪ್ರಶ್ನೆ: ನನಗೀಗ 39. ಹುಬ್ಬಳ್ಳಿಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳ ಜೊತೆ ಇದ್ದೇನೆ. ಮಗಳು ನಾಲ್ಕನೇ ಇಯತ್ತೆ, ಮಗನಿಗೆ ಐದು ವರ್ಷ. ಓಣಿಯ ತಿರುವಿನಲ್ಲೇ ನನ್ನ ಗೆಳತಿಯ ಮನೆ. ಮಕ್ಕಳನ್ನು ಬಾಲವಾಡಿಗೆ ಬಿಡಲು ಹೋಗಿ ಬಂದು ಪರಿಚಯವಾದವಳು, ಆಮೇಲೆ ಬೇಸಿಗೆಯ ಹಪ್ಪಳ-ಸಂಡಿಗೆ, ಪಂಚಮಿಯ ಉಂಡಿ ಎಲ್ಲ ಕೂಡಿಯೇ ಮಾಡುತ್ತಿದ್ದೆವು. ದಿನಾ ನಾಲ್ಕಕ್ಕೆ ಗೇಟಿನ ಚಿಲಕ ಬಡಿದು, “ಚಾ ಇಟ್ಟಿಯೇನ?” ಅಂತ ಕೂಗುತ್ತಲೇ ಒಳಗೆ ಬರುತ್ತಿದ್ದಳು.

ಸ್ತನದ ಕ್ಯಾನ್ಸರ್ ಆಗಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಈಗಲೂ ನಾಲ್ಕಾದರೆ ಚಿಲಕದ ಸಪ್ಪಳ ಕೇಳುತ್ತದೆ. ಒಮ್ಮೊಮ್ಮೆ ಅವಳ ದನಿಯೂ ಕೇಳಿದಂತಾಗಿ ಹೊರಗೆ ಬಂದು ನೋಡುತ್ತೇನೆ. ಶೇಂಗಾ ಹುರಿಯುವ ವಾಸನೆ ಬಂದರೆ ಅಳು ತಡೆಯಲಾಗುವುದಿಲ್ಲ. ಈ ಪಂಚಮಿಗೆ ಉಂಡಿ ಕಟ್ಟಲಿಲ್ಲ, ಅಂಗಡಿಯಿಂದ ತಂದೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟರೆ ನವನಗರದ ಹತ್ತಿರ ಕಣ್ಣು ಮುಚ್ಚಿಕೊಳ್ಳುತ್ತೇನೆ, ಚಿಕಿತ್ಸೆಗೆ ಅಲ್ಲಿಗೇ ಹೋಗುತ್ತಿದ್ದೆವು. ಅತ್ತೆ, “ಸತ್ತವರ ಹೆಸರ ದೀಪಾ ಹಚ್ಚೊ ಹೊತ್ತಿನ್ಯಾಗ ತಗೀಬಾರದವಾ, ನೀ ಹಿಂಗ ಅತ್ರ ಅಕಿಗೂ ಮುಕ್ತಿ ಸಿಗಂಗಿಲ್ಲ” ಅನ್ನುತ್ತಾರೆ. ನನ್ನವರು, “ಅಕಿ ನಿನಗ ಏನಾಗಬೇಕ? ಅಕಿ ಗಂಡನ ಇನ್ನೊಂದ ಲಗ್ನಕ್ಕ ನಿಂತಾನ, ನಿಂದೇನ?” ಎಂದರು. ಸಣ್ಣವನಿಗೆ ‘ಆಂಟಿ ಊರಿಗೆ ಹೋಗ್ಯಾಳ’ ಅಂತ ಹೇಳಿದ್ದೇನೆ. ಮಗಳು, “ನೀನೂ ಸಾಯ್ತೀ ಏನ?” ಅಂತ ಕೇಳುತ್ತಾಳೆ.

ಯಾರಿಗೂ ಹೇಳದ ಒಂದು ಮಾತಿದೆ. ಗಂಟು ಸಿಕ್ಕಿದ್ದನ್ನು ಅವಳು ಮೊದಲು ಹೇಳಿದ್ದೇ ನನಗೆ, ದಸರೆಯ ಹೊತ್ತಿಗೆ. “ಯಾರಿಗೂ ಹೇಳಬ್ಯಾಡ, ದೀಪಾವಳಿ ಮುಗೀಲಿ, ತೋರಸ್ತೀನಿ” ಅಂದಳು. “ಏನೂ ಇರಂಗಿಲ್ಲ ತಗೋ” ಅಂದೆ ನಾನು. ಅವತ್ತೇ ಎಳೆದುಕೊಂಡು ಹೋಗಿದ್ದರೆ? ರಾತ್ರಿ ನಿದ್ದೆ ಇಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಅಲ್ಪ್ರಾಝೋಲಾಮ್ ಅರ್ಧ ಗುಳಿಗೆ ನಾಲ್ಕು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಸ್ನಾನ ಮಾಡುವಾಗ ದಿನಾ ನನ್ನ ಎದೆಯನ್ನೂ ಒತ್ತಿ ನೋಡಿಕೊಳ್ಳುತ್ತೇನೆ. ಇದು ಹುಚ್ಚೇ? ಡಿಪ್ರೆಶನ್ನೇ? ಅವಳ ಮಗ ನನ್ನ ಮಗಳ ಕ್ಲಾಸೇ, ಅವನ ಜೊತೆ ಹೇಗಿರಬೇಕು? ಕೆಳಗಿನ ಮನೆಗೆ ಹೊಸದಾಗಿ ಬಂದವರು ಉಣಕಲ್ ಕೆರೆಗೆ ವಾಕಿಂಗ್‌ಗೆ ಕರೆಯುತ್ತಾರೆ, ಹೋಗಲು ಮನಸ್ಸಾಗುವುದಿಲ್ಲ. ಇನ್ನೊಬ್ಬಳ ಜೊತೆ ನಗುತ್ತಾ ಓಡಾಡಿದರೆ ಅವಳಿಗೆ ದ್ರೋಹ ಮಾಡಿದಂತೆ ಅನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ಹತ್ತು ಪ್ರಶ್ನೆಗಳಿವೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ನಿಮ್ಮ ಯಜಮಾನರು ಕೇಳಿದ್ದು: “ಅಕಿ ನಿನಗ ಏನಾಗಬೇಕ?” ಅವರು ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ನಮ್ಮ ಕಡೆ ಸಾವಿನ ಲೆಕ್ಕ ನಡೆಯುವುದೇ ಹಾಗೆ. ಅಕ್ಕ ಸತ್ತರೆ ಇಷ್ಟು ದಿನ, ಮಾವ ಸತ್ತರೆ ಇಷ್ಟು ದಿನ. ಸೂತಕವನ್ನೇ ಒಪ್ಪದ ಲಿಂಗಾಯತ ಮನೆಗಳಲ್ಲೂ ಬೀಗರು ಬರುತ್ತಾರೆ, ಗದ್ದುಗೆಗೆ ಹೋಗುವುದಿರುತ್ತದೆ, ಆ ವರ್ಷ ಹಬ್ಬ ಸಪ್ಪೆಯಾದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಸಂಬಂಧಿಕರ ಸಾವಿನಲ್ಲಿ ಅಳಲು ಒಂದು ಜಾಗ, ಒಂದು ಹೊತ್ತು, ನಾಲ್ಕು ಜನ ಸಿಗುತ್ತಾರೆ. ಗೆಳತಿಯ ಸಾವಿನಲ್ಲಿ ನಿಮಗೆ ಸಿಕ್ಕಿದ್ದು ಮಣ್ಣಿಗೆ ಹೋಗಿ ಬಂದದ್ದು ಅಷ್ಟೇ. ಮರುದಿನ ಮಕ್ಕಳ ಡಬ್ಬಿ ಕಟ್ಟಿದ್ದೀರಿ.

ಇಂಥ ದುಃಖವನ್ನು ಕೆನ್ನೆತ್ ಡೋಕಾ ಎಂಬ ಅಮೆರಿಕದ ಸಂಶೋಧಕರು 1989ರಲ್ಲಿ ಒಂದು ವಿಷಯವಾಗಿಯೇ ಎತ್ತಿಕೊಂಡರು: ಸಮಾಜ ಒಪ್ಪದ, ಬಹಿರಂಗವಾಗಿ ಪಡಲು ಹಕ್ಕು ಸಿಗದ ದುಃಖ. ಗೆಳೆತನ, ಗರ್ಭಪಾತ, ಬಿಟ್ಟುಹೋದ ಗಂಡನ ಸಾವು ಇವೆಲ್ಲ ಅದರಲ್ಲಿ ಬರುತ್ತವೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಸ್ಟ್ರೇಲಿಯಾದ 26 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ನೋಡಿತ್ತು. ಆಪ್ತ ಸ್ನೇಹಿತರನ್ನು ಕಳೆದುಕೊಂಡವರ ದೇಹಾರೋಗ್ಯ, ಮನಸ್ಸು, ಜನರೊಡನೆ ಬೆರೆಯುವ ಉಮೇದು ಎಲ್ಲವೂ ಕುಗ್ಗಿದ್ದು ನಾಲ್ಕು ವರ್ಷದವರೆಗೂ ಕಂಡಿತು, ಹೆಂಗಸರಲ್ಲಿ ಹೆಚ್ಚು. ನಿಮಗಿನ್ನೂ ಹದಿನಾಲ್ಕು ತಿಂಗಳು. ಯಜಮಾನರ ಪ್ರಶ್ನೆಗೆ ಉತ್ತರ ಕೊಡಬೇಕೆನಿಸಿದರೆ, ದಿನದ ಯಾವ ಯಾವ ಕೆಲಸದಲ್ಲಿ ಅವಳಿದ್ದಳು ಅಂತ ಹೇಳಿ. ಅಷ್ಟೂ ಕೆಲಸ ಈಗ ಒಬ್ಬರೇ ಮಾಡುತ್ತಿದ್ದೀರಿ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ನಾಲ್ಕು ಗಂಟೆಯ ಚಿಲಕದ ವಿಷಯಕ್ಕೆ ಬರುತ್ತೇನೆ. ಇದು ಹುಚ್ಚಲ್ಲ. ವೇಲ್ಸ್‌ನಲ್ಲಿ ಡೆವಿ ರೀಸ್ ಎಂಬ ವೈದ್ಯರು ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ವರದಿ ಬರೆದರು. ಸುಮಾರು ಅರ್ಧ ಜನ, ತೀರಿಕೊಂಡವರು ಹತ್ತಿರವೇ ಇದ್ದಂತೆ ಅನಿಸುತ್ತದೆ, ಕೆಲವರು ಕಂಡಂತಾಗುತ್ತದೆ, ದನಿ ಕೇಳುತ್ತದೆ ಎಂದಿದ್ದರು. ಎಷ್ಟೋ ಜನ ಅದನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಮಿದುಳು ಬರೀ ಬಂದ ಸಪ್ಪಳವನ್ನು ಕೇಳುವ ಯಂತ್ರವಲ್ಲ, ಬರಬಹುದಾದ ಸಪ್ಪಳವನ್ನು ಮೊದಲೇ ಊಹಿಸಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ನಾಲ್ಕಕ್ಕೆ ಒಂದೇ ಚಿಲಕ, ಒಂದೇ ಕೂಗು ಕೇಳಿದ ಮಿದುಳಿಗೆ, ಹಾಲಿನವನ ಸೈಕಲ್ಲೋ ಪಕ್ಕದ ಗೇಟೋ ಸ್ವಲ್ಪ ಸದ್ದು ಮಾಡಿದರೆ ಸಾಕು, ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತೆ ಇದು, ಬೇಡವೆಂದರೂ ಹೋಗುತ್ತದೆ.

ಶೇಂಗಾ ಹುರಿದ ವಾಸನೆಗೂ ಇಂಥದ್ದೇ ಕಾರಣವಿದೆ. ಉಳಿದ ಇಂದ್ರಿಯಗಳ ಸುದ್ದಿ ಮಿದುಳಿನ ನಡುವಿನ ಒಂದು ಠಾಣೆಯ ಮೂಲಕ ಹಾದುಹೋಗುತ್ತದೆ. ವಾಸನೆಗೆ ಮಾತ್ರ ಭಾವನೆ ಮತ್ತು ನೆನಪಿನ ಭಾಗಗಳಿಗೆ ನೇರ ದಾರಿ. ಆದ್ದರಿಂದಲೇ ಫೋಟೋ ನೋಡಿ ತಡೆದುಕೊಂಡವರು ಬಾಣಲೆಯ ಮುಂದೆ ಕುಸಿಯುತ್ತಾರೆ. ಶೇಂಗಾ ಸಿಪ್ಪೆ ಸಿಡಿಯುವ ಹೊತ್ತಿಗೆ ಗಂಟಲು ಕಟ್ಟಿತೆಂದರೆ ಅದರಲ್ಲಿ ನಿಮ್ಮ ಮನೋಬಲದ ಕೊರತೆ ಏನೂ ಇಲ್ಲ.

ಯಾವಾಗ ಚಿಂತಿಸಬೇಕು? ಕೇಳಿದ ದನಿ ನಿಜ ಅಂತಲೇ ನಂಬಿಕೆಯಾಗಿ, ಅದು ‘ಹೀಗೆ ಮಾಡು, ಹಾಗೆ ಮಾಡು’ ಎಂದು ಹೇಳತೊಡಗಿದರೆ, ಹೆದರಿಸಿದರೆ, ಅಥವಾ ನೀವು ದಿನದ ಹೆಚ್ಚು ಹೊತ್ತು ಅದರ ಜೊತೆಯೇ ಇರತೊಡಗಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ನೀವು ಹೊರಗೆ ಬಂದು ನೋಡುತ್ತೀರಿ, ಯಾರೂ ಇಲ್ಲ ಅಂತ ಗೊತ್ತಾಗುತ್ತದೆ, ಒಳಗೆ ಹೋಗುತ್ತೀರಿ. ಅದು ಬೇರೆ.

ಅತ್ತೆಯವರ ಮಾತಿಗೆ ನಾನು ವಾದ ಹೂಡುವುದಿಲ್ಲ, ನೀವೂ ಹೂಡಬೇಡಿ. ಅತ್ತರೆ ಸತ್ತವರಿಗೆ ಮುಕ್ತಿಯಿಲ್ಲ ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಬಹಳ ಕಡೆ ಇದೆ. ಅಳು ಮನೆಯನ್ನೇ ನುಂಗದಿರಲಿ ಎಂಬ ಕಾಳಜಿಯೇ ಅದರ ಹಿಂದೆ ಇರುವುದು ಅಂತ ನನ್ನ ಎಣಿಕೆ. ಆದರೆ ನಂಬಿಕೆಯ ಒಳಗೇ ದಾರಿಯೂ ಇದೆ. ಇನ್ನು ಸ್ವಲ್ಪ ದಿನಕ್ಕೆ ಮಹಾನವಮಿ ಅಮಾವಾಸ್ಯೆ. ತರ್ಪಣ ಬಿಡುವ ಮನೆಗಳಲ್ಲಿ ಬಂಧುಗಳಾದ ಮೇಲೆ ಗುರುಗಳಿಗೂ ಮಿತ್ರರಿಗೂ ಎಳ್ಳು-ನೀರು ಬಿಡುವ ಪದ್ಧತಿ ಉಂಟು. ಹಿರಿಯರಿಗೆ ಎಡೆ ಇಡುವ ಮನೆ ನಿಮ್ಮದಾದರೆ, “ಅತ್ತಿ, ಅಕಿ ಹೆಸರಿಲೆ ಒಂದ ಎಲಿ ಇಡೂಣೇನ?” ಅಂತ ಅವರನ್ನೇ ಕೇಳಿ ನೋಡಿ. ದೀಪ ಹಚ್ಚುವ ಹೊತ್ತಿಗೆ ಹೆಸರು ಬೇಡ ಅಂದವರೇ ಈ ಕೆಲಸಕ್ಕೆ ಮುಂದೆ ನಿಂತದ್ದನ್ನು ನಾನು ಕಂಡಿದ್ದೇನೆ. ಒಪ್ಪದಿದ್ದರೆ ಅಲ್ಲಿಗೇ ಬಿಡಿ, ಅದನ್ನೊಂದು ಜಗಳ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು ಈಗ ಮೊಬೈಲಿನಲ್ಲಿ ಓಡಾಡುತ್ತದೆ: ದುಃಖಕ್ಕೆ ಐದು ಹಂತ, ನಿರಾಕರಣೆಯಿಂದ ಶುರುವಾಗಿ ಒಪ್ಪಿಗೆಯಲ್ಲಿ ಮುಗಿಯುತ್ತದೆ ಅಂತ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಮನಸ್ಸಿನ ಬಗ್ಗೆ. ಉಳಿದವರ ದುಃಖಕ್ಕೆ ಅದನ್ನು ಅಳತೆಗೋಲು ಮಾಡಿದ್ದು ಆಮೇಲಿನ ಬೆಳವಣಿಗೆ. ಜನ ಆ ಮೆಟ್ಟಿಲಿನ ಕ್ರಮದಲ್ಲಿ ದುಃಖ ಪಡುವುದಿಲ್ಲ. ನನಗೆ ಹೆಚ್ಚು ಸರಿ ಅನಿಸಿದ್ದು ನೆದರ್ಲೆಂಡ್ಸ್‌ನಲ್ಲಿದ್ದ ಸಂಶೋಧಕರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಹೇಳಿದ್ದು: ಮನಸ್ಸು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಅತ್ತಿತ್ತ ಓಡಾಡುತ್ತಿರುತ್ತದೆ, ಆ ಓಡಾಟವೇ ಆರೋಗ್ಯ. ಬೆಳಿಗ್ಗೆ ಮಗನ ತೊದಲು ಮಾತಿಗೆ ನಕ್ಕು ಸಂಜೆ ಅತ್ತರೆ ಎರಡೂ ನಿಜವೇ. ಓಡಾಟ ನಿಂತುಹೋಗಿ ಒಂದೇ ಕಡೆ ಸಿಕ್ಕಿಬಿದ್ದಾಗ ತೊಂದರೆ ಶುರುವಾಗುತ್ತದೆ.

ಸಿಕ್ಕಿಬೀಳುವುದಕ್ಕೂ ಒಂದು ಹೆಸರು ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ, ಆರು ತಿಂಗಳು ಮೀರಿಯೂ ಬಿಡದ ತೀವ್ರ ಹಂಬಲ ಅಥವಾ ಸತ್ತವರ ಯೋಚನೆಯಲ್ಲೇ ಮುಳುಗಿರುವುದು, ಅದರಿಂದ ಮನೆ-ಕೆಲಸ ಕೆಟ್ಟುಹೋಗುವುದು ಇದ್ದರೆ ದೀರ್ಘಕಾಲದ ಶೋಕದ ಕಾಯಿಲೆ ಎನ್ನುತ್ತದೆ. ಅಮೆರಿಕದ ಮನೋವೈದ್ಯರು 2022ರಲ್ಲಿ ಪರಿಷ್ಕರಿಸಿದ ಕೈಪಿಡಿ ದೊಡ್ಡವರಿಗೆ ಒಂದು ವರ್ಷದ ಗಡುವು ಇಟ್ಟಿದೆ. ಆಪ್ತರನ್ನು ಕಳೆದುಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಪಟ್ಟಿಯ ಜೊತೆಗೇ ಒಂದು ಎಚ್ಚರಿಕೆಯೂ ಇದೆ: ಆಯಾ ಸಮಾಜದಲ್ಲಿ ಸಹಜವೆನಿಸುವುದನ್ನು ಮೀರಿರಬೇಕು. ಡಿಪ್ರೆಶನ್ ಇದಕ್ಕಿಂತ ಬೇರೆ. ಅದರಲ್ಲಿ ಸತ್ತವರ ಹಂಬಲಕ್ಕಿಂತ ಎಲ್ಲದರ ಬಗ್ಗೆಯೂ ನಿರುತ್ಸಾಹ, ‘ನಾನು ಯಾತಕ್ಕೂ ಬಾರದವಳು’ ಎಂಬ ಭಾವ, ಊಟ-ನಿದ್ದೆ ಏರುಪೇರು ಮುಂದಿರುತ್ತವೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಪತ್ರ ಓದಿ ರೋಗ ಹೆಸರಿಸುವವಳು ನಾನಲ್ಲ. ಆದರೆ ನೀವು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದೀರಿ, ಹಬ್ಬಕ್ಕೆ ಉಂಡಿಯನ್ನಾದರೂ ತಂದಿದ್ದೀರಿ, ಅವಳ ಮಗನ ಬಗ್ಗೆ ಯೋಚಿಸುತ್ತಿದ್ದೀರಿ. ನಿಮ್ಮ ದುಃಖಕ್ಕೆ ನಾನು ಹೆದರುವುದಿಲ್ಲ. ನನ್ನ ಚಿಂತೆ ಇರುವುದು ಗುಳಿಗೆ ಮತ್ತು ಗಂಟಿನ ಗುಟ್ಟಿನ ಬಗ್ಗೆ.

ಗುಳಿಗೆ ಮೊದಲು. ಅಲ್ಪ್ರಾಝೋಲಾಮ್ ಚೀಟಿಯಿಲ್ಲದೆ ಮಾರುವ ಹಾಗೇ ಇಲ್ಲ, ಆದರೂ ನಮ್ಮ ಊರುಗಳಲ್ಲಿ ಪರಿಚಯದ ಮೇಲೆ ಸಿಗುತ್ತದೆ. ಮೊದಲ ಕೆಲವು ರಾತ್ರಿ ಅದು ವರವೇ. ಆದರೆ ಕೆಲವೇ ವಾರದಲ್ಲಿ ದೇಹ ಒಗ್ಗಿಕೊಂಡು, ಅದಿಲ್ಲದೆ ನಿದ್ದೆ ಬಾರದಂತಾಗುತ್ತದೆ. ಆಗ ದುಃಖದ ನಿದ್ರಾಹೀನತೆ ಯಾವುದು, ಗುಳಿಗೆಯ ಸೆಳೆತ ಯಾವುದು ಅಂತ ನಮಗೇ ತಿಳಿಯುವುದಿಲ್ಲ. ಇದನ್ನು ಓದಿ ಇವತ್ತು ರಾತ್ರಿಯೇ ನಿಲ್ಲಿಸಿಬಿಡಬೇಡಿ. ತಿಂಗಳುಗಟ್ಟಲೆ ತಗೊಂಡದ್ದನ್ನು ಒಮ್ಮೆಗೇ ಬಿಟ್ಟರೆ ಎದೆ ಬಡಿತ, ನಡುಕ, ಮೊದಲಿಗಿಂತ ಕೆಟ್ಟ ರಾತ್ರಿಗಳು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರೊಬ್ಬರು ಕೂತು ಹಂತಹಂತವಾಗಿ ಇಳಿಸಬೇಕು. ಹೋದಾಗ ಎಷ್ಟು ತಿಂಗಳಾಯಿತು, ಯಾವ ಪ್ರಮಾಣ ಎಂಬುದನ್ನು ಮುಚ್ಚಿಡದೆ ಹೇಳಿ. ಅವರೇ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಬಹುದು. ನಲವತ್ತರ ಅಂಚಿನ ಹೆಂಗಸರಲ್ಲಿ ದಣಿವು, ಅಳು, ನಿದ್ದೆಗೇಡಿಗೆ ಇವೂ ಕೈ ಜೋಡಿಸಿರುತ್ತವೆ.

ಈಗ ಗಂಟಿನ ಗುಟ್ಟು. ಇದರ ಬಗ್ಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಸ್ತನದ ಗಂಟನ್ನು ತಡಮಾಡದೆ ತೋರಿಸಬೇಕು, ಮೂರು ತಿಂಗಳಿಗೂ ಹೆಚ್ಚು ತಡವಾದವರ ಬದುಕುಳಿಯುವಿಕೆ ಕಡಿಮೆ ಎಂಬುದಕ್ಕೆ ದೊಡ್ಡ ಅಧ್ಯಯನಗಳ ಆಧಾರವಿದೆ. ಆದರೆ ದಸರೆಯಿಂದ ದೀಪಾವಳಿಗೆ ಎಷ್ಟು? ಮೂರು ವಾರ. ಕೈಗೆ ಸಿಗುವಷ್ಟು ದೊಡ್ಡದಾಗುವ ಮೊದಲು ಸ್ತನದ ಗಡ್ಡೆ ಬಹುಪಾಲು ವರ್ಷಗಟ್ಟಲೆ ಒಳಗೆ ಬೆಳೆದಿರುತ್ತದೆ. ಅದು ಯಾವ ಬಗೆಯದು, ಎಲ್ಲಿಗೆ ಹರಡಿತ್ತು, ಔಷಧಕ್ಕೆ ಹೇಗೆ ಸ್ಪಂದಿಸಿತು ಎಂಬವು ಕೊನೆಯನ್ನು ನಿರ್ಧರಿಸುತ್ತವೆ. ಆ ಮೂರು ವಾರ ಅವಳನ್ನು ಕೊಂದಿತು ಅಂತ ಹೇಳಬಲ್ಲ ವೈದ್ಯರು ಯಾರೂ ಇಲ್ಲ.

ಇನ್ನು ನೀವು ಅಂದ ಮಾತು: “ಏನೂ ಇರಂಗಿಲ್ಲ ತಗೋ.” ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವತ್ತು ನಿಮಗೆ ಗೊತ್ತಿದ್ದಷ್ಟರಲ್ಲಿ ಅದು ಸುಳ್ಳಾಗಿರಲಿಲ್ಲ. ಕೊನೆ ಗೊತ್ತಾದ ಮೇಲೆ ಮೊದಲಿನ ದಿನವನ್ನು ತಿರುಗಿ ನೋಡಿದರೆ ಎಲ್ಲವೂ ಸ್ಪಷ್ಟವಾಗಿತ್ತು ಅನಿಸುವುದು ಮನಸ್ಸಿನ ಹಳೇ ಚಾಳಿ. ಮತ್ತೆ, ಹಬ್ಬ ಮುಗಿಯಲಿ ಎಂದು ನಿರ್ಧರಿಸಿದವಳು ಅವಳು. ಮನೆ ತುಂಬ ಬೀಗರು, ಕರ್ಚಿಕಾಯಿ ಕರಿಯುವ ಎಣ್ಣೆ ಒಲೆಯ ಮೇಲೆ, ಅಂಥ ಹೊತ್ತಿನಲ್ಲಿ ತನ್ನ ದೇಹದ ಮಾತನ್ನು ಕೊನೆಗಿಟ್ಟುಕೊಳ್ಳುವುದು ನಮ್ಮ ಮನೆಗಳ ಹೆಂಗಸರ ರೂಢಿ. ಅದಕ್ಕೆ ಅವಳ ಮೇಲೆ ಸಿಟ್ಟೂ ಬಂದಿರಬಹುದು ನಿಮಗೆ. ಸತ್ತವರ ಮೇಲೆ ಸಿಟ್ಟಾಗಬಾರದು ಅಂತ, ಆ ಸಿಟ್ಟನ್ನೆಲ್ಲ ತಮ್ಮ ಮೇಲೇ ಹೊರಿಸಿಕೊಂಡವರನ್ನು ಬಹಳ ನೋಡಿದ್ದೇನೆ. ನಿಮ್ಮದು ಹಾಗೇ ಇರಬೇಕೆಂದಿಲ್ಲ, ಆದರೆ ಒಮ್ಮೆ ಕೇಳಿಕೊಳ್ಳಿ.

ಈ ಮಾತನ್ನು ಯಾರಿಗೆ ಹೇಳಬೇಕು? ಹಲವರಿಗೆ ಹೊಳೆಯುವುದು ಅವಳ ಗಂಡನ ಬಳಿ ಹೋಗಿ ಒಪ್ಪಿಕೊಳ್ಳುವುದು. ಬೇಡ ಅಂತೀನಿ. ನಿಮಗೆ ಹಗುರಾಗಬಹುದು, ಆದರೆ ಅವರ ತಲೆಯಲ್ಲಿ ಹೊಸದೊಂದು ಲೆಕ್ಕ ಶುರುವಾಗುತ್ತದೆ, ಅದು ನಿಮ್ಮ ಮೇಲೆ ತಿರುಗಿ, ಆ ಮಗುವಿಗೆ ನಿಮ್ಮ ಮನೆಯ ಬಾಗಿಲೇ ಮುಚ್ಚಬಹುದು. ಅಕ್ಕ-ತಂಗಿಯ ಮುಂದೆ ಹೇಳಬಹುದು, ಅವರ ಬಾಯಿ ಗಟ್ಟಿಯಿದ್ದರೆ. ಯಜಮಾನರಿಗೆ ಹೇಳಬಹುದು. ನೀವು ಯಾಕೆ ಇಷ್ಟು ಅಳುತ್ತೀರಿ ಎಂಬುದರ ಅರ್ಧ ಕಾರಣವೇ ಅವರಿಗೆ ಗೊತ್ತಿಲ್ಲ. ಗೆಳತಿಗೇ ಪತ್ರ ಬರೆಯುವುದೂ ಕೆಲವರಿಗೆ ಸಹಾಯಕ್ಕೆ ಬರುತ್ತದೆ, ಆದರೆ ರಾತ್ರಿ ಹನ್ನೆರಡಕ್ಕೆ ಒಬ್ಬರೇ ಕೂತು ಬರೆದರೆ ತಪ್ಪಿತಸ್ಥ ಭಾವವೇ ಕೆದರಿಕೊಂಡು ಬೆಳೆಯುತ್ತದೆ. ಹಗಲು ಬರೆಯಿರಿ, ಅರ್ಧ ಗಂಟೆ, ಆಮೇಲೆ ಎದ್ದು ಮಾಡಬೇಕಾದ ಒಂದು ಕೆಲಸ ಇರಲಿ. ಎಲ್ಲಕ್ಕಿಂತ ಒಳ್ಳೆಯದು ಶೋಕದ ವಿಷಯದಲ್ಲಿ ಪಳಗಿದ ಆಪ್ತಸಮಾಲೋಚಕರ ಮುಂದೆ ಹೇಳುವುದು.

ದಿನಾ ಸ್ನಾನದ ಮನೆಯಲ್ಲಿ ಎದೆ ಒತ್ತಿ ನೋಡಿಕೊಳ್ಳುವುದು ಎಚ್ಚರಿಕೆ ಅಲ್ಲ, ಆತಂಕ. ದಿನಾ ಒತ್ತಿದರೆ ಸಹಜ ಗ್ರಂಥಿಯೂ ಗಂಟಾಗಿ ಸಿಗುತ್ತದೆ. ಗೆಳತಿಗೆ ಬಂದ ಕ್ಯಾನ್ಸರ್ ನಿಮಗೆ ಅಂಟುವುದಿಲ್ಲ, ರಕ್ತಸಂಬಂಧವೂ ಇಲ್ಲ, ಅದರಿಂದ ನಿಮ್ಮ ಅಪಾಯ ಹೆಚ್ಚುವುದಿಲ್ಲ. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಒಮ್ಮೆ ಮಾಡಿಸಿಕೊಂಡು, ಮುಂದಿನ ತಪಾಸಣೆಯ ನಡುವೆ ಏನಾದರೂ ಹೊಸ ಬದಲಾವಣೆ ಕಂಡರಷ್ಟೇ ಹೋಗಿ.

ಮಕ್ಕಳ ವಿಷಯ. ‘ಊರಿಗೆ ಹೋಗ್ಯಾಳ’ ಎಂಬುದನ್ನು ಬೇಗ ಸರಿಪಡಿಸಿ. ಐದು ವರ್ಷದ ಮಗುವಿಗೆ ಸಾವು ತಿರುಗಿ ಬಾರದ್ದು ಎಂಬುದು ಇನ್ನೂ ಕೂಡಿಬಂದಿರುವುದಿಲ್ಲ, ಐದರಿಂದ ಏಳರ ನಡುವೆ ನಿಧಾನಕ್ಕೆ ತಿಳಿಯುತ್ತದೆ. ಊರಿಗೆ ಹೋದವಳು ಯಾಕೆ ಬರಲಿಲ್ಲ ಅಂತ ಅವನು ಕಾಯುತ್ತಾನೆ, ನಾಳೆ ಅಪ್ಪ ಗದಗಕ್ಕೆ ಹೊರಟರೂ ಹೆದರುತ್ತಾನೆ. ‘ಮಲಗಿಬಿಟ್ಟಳು’, ‘ದೇವರು ಕರಕೊಂಡ’ ಅಂದರೂ ಇದೇ ತೊಡಕು, ಕೆಲವು ಮಕ್ಕಳು ಮಲಗಲು ಹಟ ಮಾಡುತ್ತವೆ. ನಿಮ್ಮ ಮಾತಿನಲ್ಲೇ ಹೇಳಿ: “ಆಂಟಿಗೆ ದೊಡ್ಡ ಜಡ್ಡ ಆಗಿತ್ತು. ಡಾಕ್ಟರ್ ಭಾಳ ನೋಡಿದ್ರು, ಆರಾಮ ಆಗ್ಲಿಲ್ಲ. ಸತ್ತಳು. ಇನ್ನ ಬರಂಗಿಲ್ಲ. ಊರಿಗೆ ಹೋಗ್ಯಾಳಂತ ಅವ್ವ ಹೇಳಿದ್ದು ಯಾಕಂದ್ರ ಅವ್ವಗ ಹೇಳಾಕ ಬಾಳ ತ್ರಾಸ ಆಗಿತ್ತು.” ಅವನು ಎರಡು ನಿಮಿಷ ಕೇಳಿ ಆಟಕ್ಕೆ ಓಡಬಹುದು, ವಾರದ ಮೇಲೆ ಅದೇ ಪ್ರಶ್ನೆ ಕೇಳಬಹುದು. ಮಕ್ಕಳ ರೀತಿಯೇ ಅದು. ತಣ್ಣಗೆ ಅದೇ ಉತ್ತರ ಕೊಡಿ.

ಮಗಳ ಪ್ರಶ್ನೆ ಹರಿತವಾದದ್ದು. ಅವಳು ಕೇಳುತ್ತಿರುವುದು ತತ್ವಜ್ಞಾನವನ್ನಲ್ಲ, ನೀನಿಲ್ಲದಿದ್ದರೆ ನನ್ನ ಜಡೆ ಹಾಕುವವರು ಯಾರು ಅಂತ. “ಇಲ್ಲ, ನಾ ಸಾಯಂಗಿಲ್ಲ” ಎಂಬ ಸುಳ್ಳು ಹಿಡಿಸುವ ವಯಸ್ಸಲ್ಲ ಅದು. “ಎಲ್ಲಾರೂ ಒಂದಿನ ಸಾಯ್ತಾರ, ಖರೇ. ನಂಗ ಈಗ ಆ ಜಡ್ಡಿಲ್ಲ. ನೀ ದೊಡ್ಡಾಕಿ ಆಗೋತನಾ ಇರಬೇಕಂತ ಅನ್ಕೊಂಡೀನಿ. ಏನಾದ್ರೂ ಆದ್ರೂ ಅಪ್ಪ, ಅಜ್ಜಿ, ಮಾವಶಿ ಇದ್ದಾರ” ಅನ್ನಿ. ನೀವು ಅಳುವುದನ್ನು ಅವಳು ನೋಡಿದರೆ ತಪ್ಪೇನಿಲ್ಲ, ಯಾಕೆ ಅಂತ ಹೇಳದೆ ಬಚ್ಚಲಿಗೆ ಹೋಗಿ ಅಳುವುದು ಅವಳನ್ನು ಹೆಚ್ಚು ಹೆದರಿಸುತ್ತದೆ. ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಮಾತ್ರ ಅವಳ ಮೇಲೆ ಬೀಳದಿರಲಿ.

ಗೆಳತಿಯ ಮಗನಿಗೆ ನಿಮ್ಮಿಂದ ಸಿಗಬಹುದಾದದ್ದು ಬೇರೆ ಯಾರಿಂದಲೂ ಸಿಗುವುದಿಲ್ಲ. ಅವನ ತಾಯಿ ಚಹಾಕ್ಕೆ ಎಷ್ಟು ಸಕ್ಕರೆ ಹಾಕುತ್ತಿದ್ದಳು, ಯಾವ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು, ಅವನನ್ನು ಬಾಲವಾಡಿಗೆ ಬಿಡುವಾಗ ಏನನ್ನುತ್ತಿದ್ದಳು ಎಂಬುದು ನಿಮಗೆ ಗೊತ್ತು. ಒಂದೊಂದೇ ಹೇಳುತ್ತಾ ಹೋಗಿ, ಅವನು ಕೇಳಿದಾಗ. ಅವರಪ್ಪ ಮತ್ತೆ ಮದುವೆಯಾಗುವುದು ನಿಮಗೆ ಕಷ್ಟವೆನಿಸಿದೆ, ಪತ್ರದಲ್ಲಿ ಕಾಣುತ್ತದೆ. ಸಣ್ಣ ಮಗುವಿರುವ ಮನೆಯಲ್ಲಿ ಆ ಕಾರಣಗಳು ಬೇರೆ, ಅದರಿಂದ ಅವರ ದುಃಖವನ್ನು ಅಳೆಯಬೇಡಿ. ಬರುವ ಹೆಣ್ಣಿನ ಬಗ್ಗೆ ಆ ಹುಡುಗನ ಮುಂದೆ ಒಂದು ವ್ಯಂಗ್ಯದ ಮಾತೂ ಬೇಡ. ‘ನಾನೇ ನಿನ್ನ ಅವ್ವ ಇದ್ದಂಗ’ ಎಂಬ ಮಾತೂ ಬೇಡ, ಮುಂದೆ ಉಳಿಸಿಕೊಳ್ಳಲಾಗದ ಮಾತು ಅದು. ಅವರಪ್ಪನನ್ನು ಕೇಳಿಯೇ ಮನೆಗೆ ಕರೆಯಿರಿ, ವಾರಕ್ಕೊಮ್ಮೆ ಮಗಳ ಜೊತೆ ಹೋಂವರ್ಕ್‌ಗೆ ಕೂತರೂ ಸಾಕು.

ನೀವು ಬರೆದಿಲ್ಲ, ಆದರೆ ಕೇಳುತ್ತೇನೆ: ಅವಳ ವಾಟ್ಸಾಪ್ ವಾಯ್ಸ್ ಮೆಸೇಜುಗಳು ನಿಮ್ಮ ಮೊಬೈಲಿನಲ್ಲಿವೆಯೇ? ಇದ್ದರೆ ಇವತ್ತೇ ಬೇರೆ ಕಡೆ ಉಳಿಸಿಕೊಳ್ಳಿ, ಮೊಬೈಲ್ ಕೆಟ್ಟರೆ ಹೋದವು. ಬಳಕೆಯಿಲ್ಲದ ನಂಬರನ್ನು ಕಂಪನಿಗಳು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತವೆ. ಗೆಳತಿಯ ಹೆಸರಿನ ಮುಂದೆ ಒಂದು ದಿನ ಯಾರೋ ಗಂಡಸಿನ ಡಿಪಿ ಕಂಡು ಎದೆ ಒಡೆದುಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ಆ ನಂಬರಿಗೆ ಮೆಸೇಜ್ ಕಳಿಸುವ ಅಭ್ಯಾಸವಿದ್ದರೆ ನಿಲ್ಲಿಸಿ. ದನಿ ಕೇಳುವುದರಲ್ಲಿ ತಪ್ಪಿಲ್ಲ. ಸತ್ತವರ ಜೊತೆಗಿನ ನಂಟನ್ನು ಕಡಿದುಕೊಂಡರೇ ಗುಣ ಎಂಬ ಹಳೆಯ ಅಭಿಪ್ರಾಯವನ್ನು ಈ ಕ್ಷೇತ್ರ 1990ರ ದಶಕದಲ್ಲೇ ಬದಲಿಸಿಕೊಂಡಿದೆ. ಕೇಳಿದ ಮೇಲೆ ನಿಮಗೆ ಹೇಗಾಗುತ್ತದೆ ಎಂಬುದನ್ನು ನೋಡಿಕೊಳ್ಳಿ. ಅತ್ತು ಹಗುರಾದರೆ ಸರಿ. ಗಂಟೆಗಟ್ಟಲೆ ಎದ್ದೇಳಲಾಗದಿದ್ದರೆ ಸದ್ಯ ಬೇಡ.

ಉಂಡಿಯನ್ನು ಅಂಗಡಿಯಿಂದ ತಂದದ್ದಕ್ಕೆ ಕ್ಷಮೆ ಕೇಳುವ ಧಾಟಿಯಲ್ಲಿ ಬರೆದಿದ್ದೀರಿ. ಮೊದಲ ವರ್ಷಗಳಲ್ಲಿ ಹಬ್ಬವನ್ನು ಬದಲಿಸಿಕೊಳ್ಳುವುದು ಜಾಣತನ. ಆದರೆ ತಪ್ಪಿಸಿಕೊಳ್ಳುವುದು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಅದೇ ಅದರ ಅಪಾಯ. ಇವತ್ತು ಶೇಂಗಾ, ನಾಳೆ ನವನಗರ, ಆಮೇಲೆ ಧಾರವಾಡವೇ ಬೇಡ ಅನಿಸಬಹುದು. ಹಬ್ಬದ ಒತ್ತಡವಿಲ್ಲದ ಒಂದು ದಿನ ಒಂದು ವಾಟಗಾ ಶೇಂಗಾ ಹುರಿಯಿರಿ. ಮಗಳು ಜೊತೆಗಿರಲಿ. ಬೆಲ್ಲದ ಪಾಕ ಯಾವಾಗ ಇಳಿಸಬೇಕು ಅಂತ ನೀವಿಬ್ಬರು ಹೇಗೆ ಜಗಳಾಡುತ್ತಿದ್ದಿರಿ ಅಂತ ಹೇಳಿ. ಅಳು ಬಂದರೆ ಬರಲಿ, ಒಲೆ ಆರಿಸಿ ಕೂತುಕೊಳ್ಳಿ. ಬಸ್ಸಿನಲ್ಲಿ ಒಮ್ಮೆ ಯಜಮಾನರ ಪಕ್ಕ ಕೂತು ಕಣ್ಣು ತೆರೆದು ನವನಗರ ದಾಟಿ ನೋಡಿ.

ಸಹಾಯಕ್ಕೆ ಎಲ್ಲಿಗೆ? ನಿಮಗೆ ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ, ಜನರ ಬಾಯಲ್ಲಿ ಡಿಮ್ಹಾನ್ಸ್. ಅಲ್ಲಿಗೆ ಹೋದರೆ ಜನ ಏನಂದಾರು ಎಂಬ ಅಳುಕು ಇನ್ನೂ ಇದೆ, ನನಗೆ ಗೊತ್ತು. ಹೊರರೋಗಿ ವಿಭಾಗದ ಸಾಲಿನಲ್ಲಿ ಹೆಚ್ಚಿನವರು ನಿದ್ದೆ, ತಲೆನೋವು, ಆತಂಕ ಅಂತ ಬಂದವರೇ. ಗದಗ, ಹಾವೇರಿ ಕಡೆಯ ಓದುಗರು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಬಹುದು. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ನಂಬರ್ 14416, ಕನ್ನಡದಲ್ಲೇ, ಹಗಲು ರಾತ್ರಿ, ಶುಲ್ಕವಿಲ್ಲ. ಡಿಪ್ರೆಶನ್ ಇದೆ ಅನಿಸಿದರೆ ವೈದ್ಯರು ಬೇರೆ ಬಗೆಯ ಗುಳಿಗೆ ಕೊಡಬಹುದು. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳೆಸಬಹುದು. ಅದು ಡಿಪ್ರೆಶನ್ನಿಗೆ ಕೆಲಸ ಮಾಡುತ್ತದೆ, ಗೆಳತಿಯ ಹಂಬಲಕ್ಕಲ್ಲ. ಸಿಕ್ಕಿಬಿದ್ದ ಶೋಕಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯ ಎಂದು ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿದೆ.

ಒಂದು ಪ್ರಶ್ನೆ ನೇರವಾಗಿ. ‘ಅಕಿ ಹಂತೇಕ ಹೋಗಿಬಿಡಬೇಕು’ ಅಂತ ಅನಿಸಿದ್ದುಂಟೇ? ನೆನಪಿನ ಭರದಲ್ಲಿ ಒಮ್ಮೆ ಹಾದುಹೋಗುವುದು ಬೇರೆ. ಹೇಗೆ, ಯಾವಾಗ ಎಂಬ ಯೋಚನೆ ಬಂದಿದ್ದರೆ, ಮನೆಯಲ್ಲಿರುವ ಗುಳಿಗೆ ಯಜಮಾನರ ಕೈಗೆ ಕೊಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಅಪಾಯಿಂಟ್‌ಮೆಂಟ್ ಕಾಯಬೇಡಿ.

ಕೊನೆಗೆ ಕೆಳಗಿನ ಮನೆಯವರ ವಾಕಿಂಗ್. ಹೋಗಿ. ಅವರು ಅವಳ ಜಾಗಕ್ಕೆ ಬಂದವರಲ್ಲ, ಬರೀ ಕೆಳಗಿನ ಮನೆಗೆ ಬಂದವರು. ಗೆಳತಿಯ ಕತೆಯನ್ನು ಮೊದಲ ದಿನವೇ ಹೇಳಬೇಕಿಲ್ಲ, ಹೇಳದೆಯೂ ಇರಬಹುದು. ಮಾತು ಹೊಂದದಿದ್ದರೆ ಎರಡು ವಾರದ ಮೇಲೆ ಮೊಣಕಾಲು ನೋವು ಅಂತ ಹೇಳಿ ಬಿಟ್ಟರಾಯಿತು, ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಿಗ್ಗೆ ಬೆಳಕಿನಲ್ಲಿ ಮುಕ್ಕಾಲು ಗಂಟೆ ನಡೆದರೆ ರಾತ್ರಿಯ ನಿದ್ದೆಗೂ ಒಳ್ಳೆಯದು. ಗುಳಿಗೆ ಇಳಿಸುವ ಮಾತು ಮಾತ್ರ ವಾಕಿಂಗಿಗಿಂತ ಮೊದಲು, ಈ ವಾರವೇ ವೈದ್ಯರ ಹತ್ತಿರ ಆಗಲಿ.